ಯಂತ್ರಕ್ಕೆ ತಕ್ಕ ಎಣ್ಣೆ: ಮೈಸೂರಿನ ಮೋಟಾರು ಸೈಕಲ್ಲು ಕಲಿಸುವ ಪಾಠ

‘ಎಣ್ಣೆ’ ಎಂಬುದು ಕನ್ನಡಿಗರ ನಿತ್ಯವ್ಯವಹಾರದ ಮಾತು. ‘ಎಳ್’ ಮತ್ತು ‘ನೆಯ್’ ಎಂಬೆರಡು ಪದಗಳು ಕೂಡಿ ಈ ಶಬ್ದ ಸಿದ್ಧವಾಯಿತೆಂದು ಶಬ್ದಶಾಸ್ತ್ರವನ್ನು ಬಲ್ಲವರು ಹೇಳುತ್ತಾರೆ. ಸಂಸ್ಕೃತದ ‘ತೈಲ’ವಾದರೂ ‘ತಿಲ’ದಿಂದ, ಅಂದರೆ ಎಳ್ಳಿನಿಂದಲೇ ಬಂದುದು. ಹೀಗೆ ಎರಡು ಭಾಷೆಗಳಲ್ಲಿಯೂ ಎಳ್ಳಿನಿಂದ ಹುಟ್ಟಿದ ಹೆಸರು ಕಾಲಕ್ರಮದಲ್ಲಿ ಕೊಬ್ಬರಿ, ಹರಳು, ಹೊಂಗೆಗಳಿಗೆ ಹಬ್ಬಿ, ಕಡೆಗೆ ಭೂಗರ್ಭದಿಂದ ತೆಗೆದ ಖನಿಜತೈಲಕ್ಕೂ ಸಂದಿತು. ಹೆಸರು ಒಂದೇ ಆಗಿ ಉಳಿಯಿತು, ವಸ್ತುಗಳು ನೂರಾದವು. ದೀಪಕ್ಕೆ ಎರೆಯುವ ಹೊಂಗೆಯೆಣ್ಣೆಯನ್ನು ಒಗ್ಗರಣೆಗೆ ಬಳಸಬಾರದೆಂಬುದನ್ನು ಯಾವ ಗೃಹಿಣಿಗೂ ಹೇಳಿಕೊಡಬೇಕಾಗಿಲ್ಲ. ಅಡಿಗೆಯ ಮನೆಯಲ್ಲಿ ಇಷ್ಟು ಜಾಗೃತವಾಗಿರುವ ಈ ವಿವೇಕವು ಮೋಟಾರು ಸೈಕಲ್ಲಿನ ವಿಷಯದಲ್ಲಿ ಮಾತ್ರ ಮಂಕಾಗುವುದುಂಟು. ಬಿಡಿಭಾಗದ ಅಂಗಡಿಗೆ ಹೋಗಿ ‘ಒಳ್ಳೆಯ ಆಯಿಲ್ ಕೊಡಿ’ ಎಂದು ಕೇಳುವವರೇ ಹೆಚ್ಚು. ಒಳ್ಳೆಯದು ಎಂದರೆ ಯಾವುದಕ್ಕೆ ಒಳ್ಳೆಯದು? ಈ ಪ್ರಶ್ನೆಗೆ ಉತ್ತರ ದೊರೆಯದೆ ಎಣ್ಣೆಯ ಆಯ್ಕೆ ಸಾಧ್ಯವಿಲ್ಲ.

ಕ್ರಿ.ಶ. 11ನೆಯ ಶತಮಾನದ ಕಾಶ್ಮೀರದ ಆಲಂಕಾರಿಕ ಕ್ಷೇಮೇಂದ್ರನು ಕಾವ್ಯಕ್ಕೆ ಔಚಿತ್ಯವೇ ಜೀವಿತವೆಂಬ ಸಿದ್ಧಾಂತವನ್ನು ‘ಔಚಿತ್ಯವಿಚಾರಚರ್ಚಾ’ ಎಂಬ ಗ್ರಂಥದಲ್ಲಿ ವಿಸ್ತರಿಸಿದನು. ಗುಣವಾಗಲಿ ಅಲಂಕಾರವಾಗಲಿ ತಾನೇ ತಾನಾಗಿ ಶ್ರೇಷ್ಠವಲ್ಲ, ಸಲ್ಲುವ ಎಡೆಯಲ್ಲಿ ಸಂದಾಗಲೇ ಅದಕ್ಕೆ ಶೋಭೆ. ಕಾವ್ಯಮೀಮಾಂಸೆಯ ಈ ಮಾತು ಯಂತ್ರಕ್ಕೂ ಒಪ್ಪುತ್ತದೆ. ಇದನ್ನು ಮನಗಾಣಲು ಮೈಸೂರಿನವರು ದೂರ ಹೋಗಬೇಕಾಗಿಲ್ಲ. ಈ ಊರಿನಲ್ಲಿಯೇ ತಯಾರಾಗಿ ದೇಶದ ಉದ್ದಗಲಕ್ಕೂ ಓಡಿದ ಒಂದು ವಾಹನವೇ ಇದಕ್ಕೆ ಉತ್ತಮ ನಿದರ್ಶನವಾಗಿದೆ.

1. ಯಾದವಗಿರಿಯ ಕಾರ್ಖಾನೆ

ಯುರೋಪಿನ ಚೆಕೊಸ್ಲೊವಾಕಿಯಾದಲ್ಲಿ 1929ರಲ್ಲಿ ‘ಜಾವಾ’ ಎಂಬ ಮೋಟಾರು ಸೈಕಲ್ಲು ಹುಟ್ಟಿತು. ಯಾನೆಚೆಕ್ ಎಂಬ ಉದ್ಯಮಿಯ ಹೆಸರಿನ ಮತ್ತು ವಾಂಡರರ್ ಎಂಬ ಜರ್ಮನ್ ಸಂಸ್ಥೆಯ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಹೆಸರಿದು. ಇದೇ ವಾಹನವನ್ನು ಭಾರತದಲ್ಲಿ ತಯಾರಿಸಲು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಸ್ಥಾಪನೆಯಾಯಿತು. 1961ರಲ್ಲಿ ಶ್ರೀ ಜಯಚಾಮರಾಜೇಂದ್ರ ಒಡೆಯರವರು ಅದನ್ನು ಉದ್ಘಾಟಿಸಿದರು. 1970ರ ದಶಕದಲ್ಲಿ ಜಾವಾ ಎಂಬ ಹೆಸರು ಹೋಗಿ ‘ಯೆಜ್ಡಿ’ ಎಂಬ ಹೆಸರು ಬಂದಿತು. ಒಂದೇ ಸಿಲಿಂಡರು, ಆದರೂ ಎರಡು ಹೊಗೆಕೊಳವೆಗಳು. ಚಾಲನೆಗೆ ಒದೆಯುವ ಸನ್ನೆಯೇ ಗೇರು ಬದಲಿಸುವ ಸನ್ನೆಯೂ ಆಗುವ ಚಮತ್ಕಾರ. ದೂರದಿಂದಲೇ ಗುರುತಿಸಬಹುದಾದ ಸದ್ದು. ಅಧ್ಯಾಪಕರು, ರೈತರು, ಪೊಲೀಸರು, ಅಂಚೆಯವರು, ವ್ಯಾಪಾರಿಗಳು ಎಲ್ಲರೂ ಈ ವಾಹನವನ್ನು ಬಲ್ಲವರೇ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಸಾವಿರಾರು ಕುಟುಂಬಗಳ ಅನ್ನದ ದಾರಿಯಾಗಿದ್ದ ಸಂಸ್ಥೆ ನಿಂತುಹೋದರೂ ಅಲ್ಲಿ ಕೈಪಳಗಿದವರ ವಿದ್ಯೆ ಊರಿನ ಸಣ್ಣಪುಟ್ಟ ಗ್ಯಾರೇಜುಗಳಲ್ಲಿ ಉಳಿಯಿತು. ಜುಲೈ ತಿಂಗಳ ಎರಡನೆಯ ಭಾನುವಾರದಂದು ಈ ವಾಹನಗಳ ಅಭಿಮಾನಿಗಳು ಇಂದಿಗೂ ಒಂದೆಡೆ ಸೇರಿ ದಿನಾಚರಣೆ ಮಾಡುತ್ತಾರೆ. ತಂದೆಯ ಯೆಜ್ಡಿಯನ್ನು ಮಗನು ಓಡಿಸುವ ಮನೆಗಳು ಮೈಸೂರಿನಲ್ಲಿ ಅಪರೂಪವಲ್ಲ.

ಮುಖ್ಯ ಸಂಗತಿ ಇರುವುದು ಇಲ್ಲಿಯೇ. ತಂದೆಯ ವಾಹನಕ್ಕೂ ಮಗನು ಹೊಸದಾಗಿ ಕೊಂಡ ವಾಹನಕ್ಕೂ ಎಣ್ಣೆ ಒಂದೇ ಅಲ್ಲ. ಒಂದರ ಎಣ್ಣೆಯನ್ನು ಇನ್ನೊಂದಕ್ಕೆ ಎರೆದರೆ ಎರಡೂ ಕೆಡುತ್ತವೆ.

2. ಎಣ್ಣೆಯ ಕೆಲಸವೇನು?

ಲೋಹದ ಮೇಲೆ ಲೋಹ ಉಜ್ಜಿದಾಗ ಘರ್ಷಣೆಯಾಗುತ್ತದೆ. ಘರ್ಷಣೆಯಿಂದ ಶಾಖ, ಶಾಖದಿಂದ ಸವೆತ. ನಡುವೆ ಎಣ್ಣೆಯ ತೆಳುವಾದ ಪೊರೆ ನಿಂತರೆ ಎರಡು ಲೋಹಗಳು ನೇರವಾಗಿ ತಾಗುವುದಿಲ್ಲ. ನಮ್ಮ ಹಿರಿಯರು ಗಾಡಿಯ ಅಚ್ಚಿಗೆ ಹಾಕುತ್ತಿದ್ದ ‘ಕೀಲೆಣ್ಣೆ’ಯ ತತ್ತ್ವವೂ ಇದೇ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿಯನ್ನು ಕಲಸಿ ಗಾಡಿಗೆ ಕಟ್ಟಿಕೊಂಡೇ ಅವರು ಸಂತೆಗೆ ಹೊರಡುತ್ತಿದ್ದರು. ಮೊದಲನೆಯ ಮಹಾಯುದ್ಧದ ಕಾಲದ ವಿಮಾನಗಳ ಎಂಜಿನುಗಳಲ್ಲಿಯೂ ಹರಳೆಣ್ಣೆಯನ್ನೇ ಬಳಸುತ್ತಿದ್ದರು. ಇಂದು ಅಂಗಡಿಗಳಲ್ಲಿ ಪ್ರಸಿದ್ಧವಾಗಿರುವ ‘ಕ್ಯಾಸ್ಟ್ರಾಲ್’ ಎಂಬ ಹೆಸರು ಕೂಡ ಹರಳೆಣ್ಣೆಯ ಆಂಗ್ಲ ಹೆಸರಾದ ‘ಕ್ಯಾಸ್ಟರ್’ ಎಂಬುದರಿಂದಲೇ ಬಂದಿದೆ.

ಘರ್ಷಣೆಯನ್ನು ತಗ್ಗಿಸುವುದಲ್ಲದೆ ಎಣ್ಣೆಗೆ ಬೇರೆ ಕರ್ತವ್ಯಗಳೂ ಉಂಟು. ಶಾಖವನ್ನು ಹೊತ್ತೊಯ್ಯುವುದು, ಮಸಿಯನ್ನೂ ಲೋಹದ ಕಣಗಳನ್ನೂ ತನ್ನಲ್ಲಿ ಸೆಳೆದುಕೊಳ್ಳುವುದು, ಪಿಸ್ಟನ್ನಿನ ಉಂಗುರಗಳ ಸಂದಿಯನ್ನು ಮುಚ್ಚುವುದು, ತುಕ್ಕು ಹಿಡಿಯದಂತೆ ಕಾಯುವುದು ಇವೆಲ್ಲ ಅದರ ಪಾಲಿಗೆ ಸೇರಿವೆ. ಸಂಸ್ಕೃತದಲ್ಲಿ ‘ಸ್ನೇಹ’ ಎಂಬ ಶಬ್ದಕ್ಕೆ ಎಣ್ಣೆ, ಜಿಡ್ಡು ಎಂಬ ಅರ್ಥವೂ ಇದೆ, ಗೆಳೆತನವೆಂಬ ಅರ್ಥವೂ ಇದೆ. ಅದರೊಡನೆ ಹುಟ್ಟಿದ ‘ಸ್ನಿಗ್ಧ’ ಶಬ್ದದಿಂದಲೇ ವಿಜ್ಞಾನದ ಪಠ್ಯಗಳ ‘ಸ್ನಿಗ್ಧತೆ’ ಎಂಬ ಪಾರಿಭಾಷಿಕ ಪದ ಸಿದ್ಧವಾಗಿದೆ. ದ್ರವವು ಹರಿಯುವಾಗ ತೋರುವ ಒಳತಡೆಯೇ ಸ್ನಿಗ್ಧತೆ. ಜೇನಿನದು ಹೆಚ್ಚು, ನೀರಿನದು ಕಡಿಮೆ. ಗ್ಯಾರೇಜಿನ ಹುಡುಗನು ‘ಗ್ರೇಡು’ ಎನ್ನುವುದೂ ಅಧ್ಯಾಪಕರು ತರಗತಿಯಲ್ಲಿ ‘ಸ್ನಿಗ್ಧತೆ’ ಎನ್ನುವುದೂ ಬಹುಮಟ್ಟಿಗೆ ಒಂದೇ ವಿಷಯ. ಇಬ್ಬರ ಮಾತನ್ನೂ ಜೋಡಿಸಿ ಹೇಳುವವರಿಲ್ಲದೆ ವಿದ್ಯಾರ್ಥಿಯು ಅವನ್ನು ಎರಡು ಲೋಕಗಳೆಂದು ತಿಳಿಯುತ್ತಾನೆ.

3. ಎರಡು ಹೊಡೆತದ ಎಂಜಿನು: ಉರಿದುಹೋಗುವ ಎಣ್ಣೆ

ಮೈಸೂರಿನಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿಗಳು ಎರಡು ಹೊಡೆತದ, ಅಂದರೆ ಟೂ ಸ್ಟ್ರೋಕ್ ಎಂಜಿನಿನವು. ಇವುಗಳ ಎಂಜಿನಿನ ತಳದಲ್ಲಿ ಎಣ್ಣೆಯ ಕೊಳವಿರುವುದಿಲ್ಲ. ಪೆಟ್ರೋಲಿನೊಡನೆಯೇ ಎಣ್ಣೆಯನ್ನು ಕಲಸಿ ಟ್ಯಾಂಕಿಗೆ ಹಾಕಬೇಕು. ಆ ಮಿಶ್ರಣವು ಗಾಳಿಯೊಡನೆ ಕೂಡಿ ಮೊದಲು ಕೆಳಗಿನ ಕೋಣೆಯನ್ನು ಹೊಕ್ಕು, ಅಲ್ಲಿಯ ಬೇರಿಂಗುಗಳನ್ನೂ ಪಿಸ್ಟನ್ನನ್ನೂ ನೆನೆಸಿ, ಬಳಿಕ ಮೇಲೇರಿ ಪೆಟ್ರೋಲಿನೊಡನೆ ಉರಿದುಹೋಗುತ್ತದೆ. ಎಣ್ಣೆಗೆ ದೊರೆಯುವುದು ಒಂದೇ ಅವಕಾಶ, ಅಷ್ಟರಲ್ಲಿ ತನ್ನ ಕೆಲಸವನ್ನು ಮುಗಿಸಿ ಬೂದಿಯುಳಿಸದೆ ಹೋಗಬೇಕು.

ಆದುದರಿಂದ ಇಂತಹ ಎಂಜಿನಿಗೆ ಬೇಕಾದ ಎಣ್ಣೆಗೆ ಎರಡು ಲಕ್ಷಣಗಳಿರಬೇಕು. ಪೆಟ್ರೋಲಿನಲ್ಲಿ ಸುಲಭವಾಗಿ ಕರಗಬೇಕು, ಉರಿದಾಗ ಮಸಿ ಮತ್ತು ಬೂದಿ ಕಡಿಮೆಯಾಗಿರಬೇಕು. ಅಂಗಡಿಗಳಲ್ಲಿ ‘2ಟಿ’ ಎಂಬ ಗುರುತಿನಿಂದ ದೊರೆಯುವುದು ಇದೇ. ಜಪಾನಿನ ಜಾಸೊ ಮಾನಕದಲ್ಲಿ ಇದಕ್ಕೆ ‘ಎಫ್‌ಬಿ’, ‘ಎಫ್‌ಸಿ’, ‘ಎಫ್‌ಡಿ’ ಮುಂತಾದ ದರ್ಜೆಗಳಿದ್ದು, ‘ಎಫ್‌ಸಿ’ ಮತ್ತು ‘ಎಫ್‌ಡಿ’ ಕಡಿಮೆ ಹೊಗೆಯ ದರ್ಜೆಗಳು. ನಾಲ್ಕು ಹೊಡೆತದ ಎಂಜಿನಿನ ಎಣ್ಣೆಯನ್ನು ಇದರ ಬದಲು ಬಳಸಿದರೆ ಅದರಲ್ಲಿರುವ ಲೋಹಾಂಶದ ಸೇರ್ಪಡೆಗಳು ಉರಿದು ಬೂದಿಯಾಗಿ ಸ್ಪಾರ್ಕ್ ಪ್ಲಗ್ಗಿನ ಮೇಲೂ ಪಿಸ್ಟನ್ನಿನ ಮೇಲೂ ಕೂರುತ್ತವೆ, ಉಂಗುರಗಳು ಅಂಟುತ್ತವೆ. ಬೆಲೆ ಹೆಚ್ಚಿನ ಎಣ್ಣೆಯೆಂಬ ಕಾರಣಕ್ಕೆ ಈ ದೋಷ ತಪ್ಪುವುದಿಲ್ಲ.

ಪ್ರಮಾಣವೂ ಎಣ್ಣೆಯ ಜಾತಿಯಷ್ಟೇ ಮುಖ್ಯ. 1:25 ಎಂಬ ಅನುಪಾತವೆಂದರೆ 1 ಲೀಟರು ಪೆಟ್ರೋಲಿಗೆ 40 ಮಿ.ಲೀ. ಎಣ್ಣೆ; 1:50 ಎಂದರೆ 20 ಮಿ.ಲೀ. ಹೀಗಾಗಿ 8 ಲೀಟರು ಪೆಟ್ರೋಲಿಗೆ ಮೊದಲನೆಯ ಲೆಕ್ಕದಲ್ಲಿ 320 ಮಿ.ಲೀ., ಎರಡನೆಯದರಲ್ಲಿ 160 ಮಿ.ಲೀ. ಬೇಕಾಗುತ್ತದೆ. ಯಾವ ವಾಹನಕ್ಕೆ ಯಾವ ಅನುಪಾತವೆಂಬುದನ್ನು ಅದರ ಕೈಪಿಡಿಯೇ ಹೇಳಬೇಕು. ಎಣ್ಣೆ ಕಡಿಮೆಯಾದರೆ ಪಿಸ್ಟನ್ನು ಕಾದು ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ. ಹೆಚ್ಚಾದರೆ ನೀಲಿ ಹೊಗೆ, ಮಸಿ ಕಟ್ಟಿದ ಪ್ಲಗ್ಗು, ಉಸಿರುಕಟ್ಟಿದ ಹೊಗೆಕೊಳವೆ. ‘ಒಂದಿಷ್ಟು ಹೆಚ್ಚೇ ಇರಲಿ’ ಎಂಬ ಔದಾರ್ಯ ಇಲ್ಲಿ ಸಲ್ಲದು.

ಚಾಮುಂಡಿ ಬೆಟ್ಟದ ಇಳಿಜಾರು ಈ ತತ್ತ್ವವನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಬೆಟ್ಟದಿಂದ ಇಳಿಯುವಾಗ ಗೇರಿನಲ್ಲಿಟ್ಟು ಥ್ರಾಟಲನ್ನು ಪೂರ್ಣವಾಗಿ ಮುಚ್ಚಿದರೆ ವಾಹನದ ವೇಗದಿಂದ ಎಂಜಿನು ತಿರುಗುತ್ತಲೇ ಇರುತ್ತದೆ. ಆದರೆ ಪೆಟ್ರೋಲು ಬಾರದುದರಿಂದ ಅದರೊಡನೆ ಬರಬೇಕಾದ ಎಣ್ಣೆಯೂ ಬಾರದು. ಪೆಟ್ರೋಲು ಉಳಿಯಿತೆಂದು ಸವಾರನು ಸಂತೋಷಪಡುತ್ತಿರುವಾಗ ಒಳಗೆ ಪಿಸ್ಟನ್ನು ಒಣಗಿ ಉಜ್ಜುತ್ತಿರುತ್ತದೆ. ಆಗಾಗ ಥ್ರಾಟಲನ್ನು ಸ್ವಲ್ಪ ತೆರೆದು ಎಂಜಿನಿಗೆ ಎಣ್ಣೆಯುಣಿಸುವುದು ಹಳೆಯ ಸವಾರರ ಪದ್ಧತಿ. ಅದಕ್ಕೆ ಕಾರಣ ಇದೇ.

ಇಂದಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಇನ್ನೊಂದು ಎಚ್ಚರವೂ ಅವಶ್ಯ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ವರ್ಷಕ್ಕೊಮ್ಮೆ ಹೊರತೆಗೆಯುವ ಹಳೆಯ ವಾಹನದ ಟ್ಯಾಂಕಿನಲ್ಲಿ ಮಿಶ್ರಣವನ್ನು ತಿಂಗಳುಗಟ್ಟಲೆ ಇಡುವುದು ಹಿತವಲ್ಲ. ಬೇಕಾದಷ್ಟನ್ನೇ ಕಲಸಿ, ಹೊಸದಾಗಿ ಬಳಸುವುದು ಲೇಸು. ಗೇರುಪೆಟ್ಟಿಗೆಗೆ ಹಾಕುವ ಎಣ್ಣೆ ಇದರಿಂದ ಬೇರೆಯಾದುದು. ಅದನ್ನು ಪ್ರತ್ಯೇಕವಾಗಿ ಅಳೆದು ಹಾಕಬೇಕು. ಪೆಟ್ರೋಲಿನಲ್ಲಿ 2ಟಿ ಎಣ್ಣೆ ಬೆರೆಸಿದೆಯೆಂದು ಗೇರುಪೆಟ್ಟಿಗೆಯನ್ನು ಮರೆಯಬಾರದು.

ಎರಡು ಹೊಡೆತದ ಎಂಜಿನಿನ ಹೊಗೆಯಿಂದ ನಗರಗಳ ಗಾಳಿ ಕೆಟ್ಟುದೂ ಸತ್ಯ. ಬಿಡಿಯಾಗಿ ಮಾರುತ್ತಿದ್ದ ಕಳಪೆ ಎಣ್ಣೆ, ಅಳತೆಯಿಲ್ಲದ ಮಿಶ್ರಣ ಇವು ಆ ಹೊಗೆಯನ್ನು ಹೆಚ್ಚಿಸಿದುವು. 1998ರ ಕೊನೆಯಲ್ಲಿ ದೆಹಲಿಯಲ್ಲಿ ಬಿಡಿ 2ಟಿ ಎಣ್ಣೆಯ ಮಾರಾಟವನ್ನೇ ನಿಷೇಧಿಸಿದರು. 1996 ಮತ್ತು 2000ದ ಹೊಗೆನಿಯಮಗಳ ಬಳಿಕ ಎರಡು ಹೊಡೆತದ ಮೋಟಾರು ಸೈಕಲ್ಲುಗಳು ಹಿಂದೆ ಸರಿದು ನಾಲ್ಕು ಹೊಡೆತದವು ರಸ್ತೆಗಳನ್ನು ತುಂಬಿದುವು. ಉಳಿದಿರುವ ಹಳೆಯ ವಾಹನವನ್ನು ಪ್ರೀತಿಯಿಂದ ಕಾಪಾಡುವವರು ಕಡಿಮೆ ಹೊಗೆಯ ಎಣ್ಣೆಯನ್ನು ಸರಿಯಾದ ಅಳತೆಯಲ್ಲಿ ಬಳಸುವುದು ನೆರೆಹೊರೆಯ ಮಕ್ಕಳ ಉಸಿರಿಗೆ ತೋರುವ ಗೌರವ.

4. ನಾಲ್ಕು ಹೊಡೆತದ ಎಂಜಿನು: ಉಳಿದು ದುಡಿಯುವ ಎಣ್ಣೆ

2018ರಲ್ಲಿ ಜಾವಾ ಎಂಬ ಹೆಸರೂ 2022ರಲ್ಲಿ ಯೆಜ್ಡಿ ಎಂಬ ಹೆಸರೂ ಭಾರತದ ರಸ್ತೆಗಳಿಗೆ ಮರಳಿದುವು. ಹೆಸರು ಹಳೆಯದು, ಎಂಜಿನು ಹೊಸದು. ಇವು ಮಧ್ಯಪ್ರದೇಶದಲ್ಲಿ ತಯಾರಾಗುವ ನಾಲ್ಕು ಹೊಡೆತದ ವಾಹನಗಳು. ಹಳೆಯ ಜಾವಾದ ಅಭ್ಯಾಸದಿಂದ ಹೊಸ ಜಾವಾದ ಪೆಟ್ರೋಲಿಗೆ ಎಣ್ಣೆ ಬೆರೆಸುವಂತಿಲ್ಲ. ನಾಮಸಾಮ್ಯವನ್ನು ನಂಬಿ ಅರ್ಥವನ್ನು ನಿರ್ಣಯಿಸಬಾರದೆಂದು ವ್ಯಾಕರಣದ ವಿದ್ಯಾರ್ಥಿಗೆ ಹೇಳುವ ಎಚ್ಚರವೇ ಇಲ್ಲಿಗೂ ಸಾಕು.

ನಾಲ್ಕು ಹೊಡೆತದ ಎಂಜಿನಿನಲ್ಲಿ ಎಣ್ಣೆಯು ತಳದ ಕೊಳದಲ್ಲಿ ನಿಂತು, ಪಂಪಿನ ಮೂಲಕ ಎಲ್ಲೆಡೆಗೂ ಹರಿದು, ಮತ್ತೆ ಕೊಳಕ್ಕೇ ಮರಳುತ್ತದೆ. ಸಾವಿರಾರು ಕಿಲೋಮೀಟರು ಅದೇ ಎಣ್ಣೆ ದುಡಿಯಬೇಕು. ಇದಲ್ಲದೆ ಬಹುಪಾಲು ಮೋಟಾರು ಸೈಕಲ್ಲುಗಳಲ್ಲಿ ಎಂಜಿನು, ಗೇರುಪೆಟ್ಟಿಗೆ, ಕ್ಲಚ್ಚು ಈ ಮೂರಕ್ಕೂ ಎಣ್ಣೆ ಒಂದೇ. ಕಾರಿನಲ್ಲಿ ಹಾಗಲ್ಲ, ಅಲ್ಲಿ ಗೇರಿಗೆ ಬೇರೆ ಎಣ್ಣೆ, ಕ್ಲಚ್ಚು ಸಾಮಾನ್ಯವಾಗಿ ಒಣ ಕ್ಲಚ್ಚು. ಈ ಒಂದು ವ್ಯತ್ಯಾಸದಿಂದ ಕಾರಿನ ಎಣ್ಣೆಯೂ ಮೋಟಾರು ಸೈಕಲ್ಲಿನ ಎಣ್ಣೆಯೂ ಬೇರೆಯಾಗಿವೆ.

ಕ್ಲಚ್ಚಿನ ಫಲಕಗಳು ಒಂದನ್ನೊಂದು ಬಿಗಿಯಾಗಿ ಹಿಡಿದಾಗಲೇ ಎಂಜಿನಿನ ಶಕ್ತಿ ಚಕ್ರಕ್ಕೆ ಸೇರುತ್ತದೆ. ಅಲ್ಲಿ ಘರ್ಷಣೆ ಬೇಕೇ ಬೇಕು. ಇಂಧನ ಉಳಿಸುವುದಕ್ಕಾಗಿ ಕಾರಿನ ಕೆಲವು ಎಣ್ಣೆಗಳಲ್ಲಿ ಘರ್ಷಣೆಯನ್ನು ಅತಿಯಾಗಿ ತಗ್ಗಿಸುವ ವಸ್ತುಗಳನ್ನು ಸೇರಿಸಿರುತ್ತಾರೆ. ಅಂತಹ ಎಣ್ಣೆ ಮೋಟಾರು ಸೈಕಲ್ಲಿನ ಕ್ಲಚ್ಚಿಗೆ ತಾಗಿದರೆ ಫಲಕಗಳು ಜಾರುತ್ತವೆ. ಎಂಜಿನು ಅರಚುತ್ತದೆ, ವಾಹನ ಮುಂದೆ ಸಾಗದು. ಒಂದೆಡೆ ಗುಣವಾದುದೇ ಇನ್ನೊಂದೆಡೆ ದೋಷವಾಗುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಈ ತೊಡಕನ್ನು ಪರಿಹರಿಸಲು ಜಪಾನಿನವರು 1998ರಲ್ಲಿ ಮೋಟಾರು ಸೈಕಲ್ಲಿನ ಎಣ್ಣೆಗೆ ‘ಜಾಸೊ ಟಿ 903’ ಎಂಬ ಮಾನಕವನ್ನು ರೂಪಿಸಿದರು. ಅದರಲ್ಲಿ ‘ಎಂಎ’ ಎಂಬುದು ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿಗೆ ಸಲ್ಲುವ ದರ್ಜೆ. ‘ಎಂಬಿ’ ಎಂಬುದು ಘರ್ಷಣೆ ಕಡಿಮೆಯಾದುದು. ಕ್ಲಚ್ಚು ಬೇರೆಯಾಗಿ ಒಣದಾಗಿರುವ ಗೇರುರಹಿತ ಸ್ಕೂಟರುಗಳಿಗೆ ಅದು ಸಲ್ಲುತ್ತದೆ. 2006ರಲ್ಲಿ ‘ಎಂಎ’ ದರ್ಜೆಯನ್ನೇ ‘ಎಂಎ1’, ‘ಎಂಎ2’ ಎಂದು ವಿಂಗಡಿಸಿದರು. ಒಂದೇ ಮನೆಯಲ್ಲಿ ಮೋಟಾರು ಸೈಕಲ್ಲೂ ಸ್ಕೂಟರೂ ಇದ್ದರೆ ಎರಡಕ್ಕೂ ಒಂದೇ ಡಬ್ಬಿಯ ಎಣ್ಣೆಯನ್ನು ಸುರಿಯುವ ಮುನ್ನ ಈ ಎರಡಕ್ಷರಗಳನ್ನು ಓದುವುದು ಕ್ಷೇಮ.

5. ಡಬ್ಬಿಯ ಮೇಲಿನ ಅಕ್ಷರಗಳನ್ನು ಓದುವ ಕ್ರಮ

ಎಣ್ಣೆಯ ಡಬ್ಬಿಯ ಮೇಲೆ ಮುಖ್ಯವಾಗಿ ಮೂರು ಗುರುತುಗಳಿರುತ್ತವೆ.

ಮೊದಲನೆಯದು ಎಸ್‌ಎಇ ಸ್ನಿಗ್ಧತೆಯ ದರ್ಜೆ. ಅಮೆರಿಕದ ವಾಹನ ಎಂಜಿನಿಯರುಗಳ ಸಂಘವು 1911ರಲ್ಲಿ ಈ ವರ್ಗೀಕರಣವನ್ನು ಆರಂಭಿಸಿತು. ‘20ಡಬ್ಲ್ಯು-40’ ಎಂಬುದನ್ನು ಉದಾಹರಣೆಯಾಗಿ ತೆಗೆದುಕೊಂಡರೆ, ‘ಡಬ್ಲ್ಯು’ ಎಂಬುದು ‘ವಿಂಟರ್’ ಎಂಬುದರ ಮೊದಲಕ್ಷರ, ಅಂದರೆ ಚಳಿಗಾಲ. ಅದರ ಹಿಂದಿನ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸುಲಭವಾಗಿ ಹರಿಯುತ್ತದೆಂಬುದನ್ನು ಸೂಚಿಸುತ್ತದೆ; ಅಂಕಿ ಚಿಕ್ಕದಾದಷ್ಟೂ ಹರಿವು ಸುಲಭ. ಮುಂದಿನ ಅಂಕಿ 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿರುವ ಸ್ನಿಗ್ಧತೆಯ ಸೂಚಕ. 30ನೆಯ ದರ್ಜೆಯ ಎಣ್ಣೆ ಆ ಶಾಖದಲ್ಲಿ 9.3ರಿಂದ 12.5 ಸೆಂಟಿಸ್ಟೋಕ್‌ಗಳ ನಡುವೆಯೂ 40ನೆಯದು 12.5ರಿಂದ 16.3ರ ನಡುವೆಯೂ ಇರುತ್ತದೆ. ಮೈಸೂರು ಹಿಮ ಬೀಳುವ ಊರಲ್ಲ. ಚಳಿಗೆಂದೇ ಅತಿ ತೆಳುವಾದ ಎಣ್ಣೆಯನ್ನು ಹೆಚ್ಚು ಬೆಲೆ ಕೊಟ್ಟು ಕೊಳ್ಳುವ ಅಗತ್ಯ ಇಲ್ಲಿಲ್ಲ. ಹಾಗೆಂದು ‘ದಪ್ಪ ಎಣ್ಣೆಯೇ ಬಲ’ ಎಂಬ ನಂಬಿಕೆಯೂ ಸರಿಯಲ್ಲ. ಸಂದುಗಳು ಕಿರಿದಾದ ಇಂದಿನ ಎಂಜಿನುಗಳಲ್ಲಿ ದಪ್ಪ ಎಣ್ಣೆ ಮುಂಜಾನೆಯ ಮೊದಲ ಕ್ಷಣಗಳಲ್ಲಿ ಮೇಲ್ಭಾಗಕ್ಕೆ ತಡವಾಗಿ ತಲಪುತ್ತದೆ, ಇಂಧನವನ್ನೂ ಹೆಚ್ಚು ಬೇಡುತ್ತದೆ. ತಯಾರಕರು 10ಡಬ್ಲ್ಯು-30 ಎಂದು ಹೇಳಿದ ವಾಹನಕ್ಕೆ 20ಡಬ್ಲ್ಯು-50 ಹಾಕುವುದು ಉಪಚಾರವಾಗದು.

ಎರಡನೆಯದು ಎಪಿಐ ಗುಣದರ್ಜೆ. ಪೆಟ್ರೋಲು ಎಂಜಿನಿನ ಎಣ್ಣೆಗೆ ‘ಎಸ್’ ಅಕ್ಷರದ ಮುಂದೆ ಇನ್ನೊಂದು ಅಕ್ಷರ ಬರುತ್ತದೆ: ಎಸ್‌ಜೆ, ಎಸ್‌ಎಲ್, ಎಸ್‌ಎಂ, ಎಸ್‌ಎನ್, ಎಸ್‌ಪಿ. ಅಕ್ಷರಮಾಲೆಯಲ್ಲಿ ಮುಂದೆ ಹೋದಂತೆ ದರ್ಜೆ ಹೊಸದು. ಎಸ್‌ಎನ್ 2010ರಲ್ಲಿಯೂ ಎಸ್‌ಪಿ 2020ರಲ್ಲಿಯೂ ಬಂದವು. ಇದೇ ಮುದ್ರೆಯಲ್ಲಿ ‘ರಿಸೋರ್ಸ್ ಕನ್ಸರ್ವಿಂಗ್’ ಎಂಬ ಒಕ್ಕಣೆಯಿದ್ದರೆ ಅದು ಇಂಧನ ಉಳಿಸುವ ಕಾರಿನ ಎಣ್ಣೆಯೆಂದು ತಿಳಿದು, ಮುಳುಗು ಕ್ಲಚ್ಚಿನ ಮೋಟಾರು ಸೈಕಲ್ಲಿಗೆ ಬಳಸದಿರುವುದು ಲೇಸು.

ಮೂರನೆಯದು ಮೇಲೆ ವಿವರಿಸಿದ ಜಾಸೊ ಗುರುತು. ಈ ಮೂರೂ ಕೈಪಿಡಿಯ ಮಾತಿಗೆ ಹೊಂದಿದರೆ ಆಯ್ಕೆಯ ಮುಖ್ಯ ಭಾಗ ಮುಗಿದಂತೆ. ಖನಿಜ ಎಣ್ಣೆಯೋ ಸಂಶ್ಲೇಷಿತ ಎಣ್ಣೆಯೋ ಎಂಬ ಪ್ರಶ್ನೆ ಆಮೇಲಿನದು. ಸಂಶ್ಲೇಷಿತ ಎಣ್ಣೆ ಹೆಚ್ಚಿನ ಶಾಖವನ್ನು ತಾಳುತ್ತದೆ, ಬೆಲೆಯೂ ಹೆಚ್ಚು. ದಿನಕ್ಕೆ ಹತ್ತು ಕಿಲೋಮೀಟರು ಓಡುವ ಸಾಧಾರಣ ವಾಹನಕ್ಕೆ ಕೈಪಿಡಿಯಲ್ಲಿ ಹೇಳಿದ ಖನಿಜ ಎಣ್ಣೆಯನ್ನೇ ಕಾಲಕಾಲಕ್ಕೆ ಬದಲಿಸುವುದು, ದುಬಾರಿ ಎಣ್ಣೆಯನ್ನು ಹಾಕಿ ಮರೆತುಬಿಡುವುದಕ್ಕಿಂತ ಮೇಲು.

6. ಆಚರಣೆಯ ಕೆಲವು ನಿಯಮಗಳು

ಹೊಸ ವಾಹನದ ಮೊದಲ ಎಣ್ಣೆಯನ್ನು ತಯಾರಕರು ಹೇಳಿದ ಕಿಲೋಮೀಟರಿಗೆ ತಪ್ಪದೆ ಬದಲಿಸಬೇಕು. ಹೊಸ ಭಾಗಗಳು ಹೊಂದಿಕೊಳ್ಳುವಾಗ ಉದುರಿದ ಲೋಹದ ಸಣ್ಣ ಕಣಗಳು ಅದರಲ್ಲಿರುತ್ತವೆ. ಎಣ್ಣೆಯ ಮಟ್ಟವನ್ನು ನೋಡುವಾಗ ವಾಹನವು ಸಮನೆಲದ ಮೇಲೆ ನೆಟ್ಟಗೆ ನಿಂತಿರಬೇಕು. ಪಕ್ಕದ ಸ್ಟ್ಯಾಂಡಿನ ಮೇಲೆ ಒರಗಿದ ವಾಹನದ ಅಳತೆಕಡ್ಡಿ ಸುಳ್ಳು ಹೇಳುತ್ತದೆ. ಎಣ್ಣೆ ಕಪ್ಪಾದ ಮಾತ್ರಕ್ಕೆ ಕೆಟ್ಟಿತೆಂದು ತಿಳಿಯಬೇಕಾಗಿಲ್ಲ. ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದು ಅದರ ಕೆಲಸವೇ ಆಗಿದೆ. ಬದಲಾವಣೆಗೆ ಪ್ರಮಾಣ ಕಿಲೋಮೀಟರು ಮತ್ತು ಕಾಲ, ಬಣ್ಣವಲ್ಲ. ಎಣ್ಣೆಯ ಮಟ್ಟ ಪದೇ ಪದೇ ಇಳಿಯುತ್ತಿದ್ದರೆ ತುಂಬುತ್ತ ಹೋಗದೆ ಕಾರಣವನ್ನು ಪತ್ತೆ ಮಾಡಿಸಬೇಕು.

ಕೊಳ್ಳುವಾಗ ಮುಚ್ಚಳದ ಮೊಹರು, ತಯಾರಿಕೆಯ ದಿನಾಂಕ, ತಂಡದ ಸಂಖ್ಯೆಗಳನ್ನು ನೋಡಿ ರಸೀದಿ ಪಡೆಯುವುದು ವಿವೇಕ. ಬರಿದಾದ ಡಬ್ಬಿಯನ್ನು ಕತ್ತರಿಸಿ ಎಸೆದರೆ ಅದರಲ್ಲಿ ಮತ್ತೆ ನಕಲಿ ಎಣ್ಣೆ ತುಂಬಿ ಮಾರುವವರಿಗೆ ಅವಕಾಶವಿರುವುದಿಲ್ಲ. ಹಳೆಯ ಎಣ್ಣೆಯನ್ನು ಚರಂಡಿಗೋ ಮರದ ಬುಡಕ್ಕೋ ಸುರಿಯಲೇಬಾರದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ಅದನ್ನು ಸಂಗ್ರಹಿಸಿ ಪುನಃಶುದ್ಧೀಕರಣಕ್ಕೆ ಕಳುಹಿಸುವ ಗ್ಯಾರೇಜಿನಲ್ಲಿಯೇ ಎಣ್ಣೆ ಬದಲಿಸುವುದು ಉತ್ತಮ.

ಉಪಸಂಹಾರ

ಮೇಲೆ ಹೇಳಿದ ಎಲ್ಲ ವಿಷಯಗಳ ಸಾರ ಒಂದೇ: ಎಣ್ಣೆಯನ್ನು ಆರಿಸುವುದು ಬೆಲೆಯಿಂದಲೂ ಅಲ್ಲ, ಹೆಸರಿನಿಂದಲೂ ಅಲ್ಲ, ಯಂತ್ರದ ರಚನೆಯನ್ನು ತಿಳಿದು, ಅದರ ಕೈಪಿಡಿಯನ್ನು ಓದಿ ಆರಿಸಬೇಕು. ದುರದೃಷ್ಟವಶಾತ್ ವಾಹನದೊಡನೆ ಬರುವ ಕೈಪಿಡಿ ಅನೇಕ ಮನೆಗಳಲ್ಲಿ ಬಿಚ್ಚದೆಯೇ ಉಳಿಯುತ್ತದೆ. ಅದು ಆಂಗ್ಲಭಾಷೆಯಲ್ಲಿದೆಯೆಂಬ ಅಂಜಿಕೆಯೂ ಇದಕ್ಕೊಂದು ಕಾರಣ. ಹೈಸ್ಕೂಲಿನ ವಿಜ್ಞಾನ ಮತ್ತು ಭಾಷೆಯ ಅಧ್ಯಾಪಕರು ಕೂಡಿ ಒಂದು ತರಗತಿಯಲ್ಲಿ ಅಂತಹ ಕೈಪಿಡಿಯ ಒಂದು ಪುಟವನ್ನೂ ಎಣ್ಣೆಯ ಒಂದು ಬರಿಡಬ್ಬಿಯನ್ನೂ ಮುಂದಿಟ್ಟುಕೊಂಡು ಕನ್ನಡದಲ್ಲಿ ವಿವರಿಸಿದರೆ ಸ್ನಿಗ್ಧತೆ, ಅನುಪಾತ, ಘರ್ಷಣೆ ಎಂಬ ಪದಗಳು ಪರೀಕ್ಷೆಯ ಉತ್ತರಪತ್ರಿಕೆಯಿಂದಾಚೆಗೂ ಬದುಕುತ್ತವೆ. ಗ್ಯಾರೇಜಿನಲ್ಲಿ ದುಡಿಯಲು ಹೊರಡುವ ವಿದ್ಯಾರ್ಥಿಗೆ ಅದು ಕೈವಿದ್ಯೆಯ ಮೊದಲ ಪಾಠವಾಗುತ್ತದೆ. ತಂದೆಯ ಯೆಜ್ಡಿಯ ಬೀಗದಕೈ ಯಾರ ಕೈಗೆ ಬಂದಿದೆಯೋ ಅವರಿಗೆ, ಲೀಟರಿಗೆ ಎಷ್ಟು ಮಿಲಿಲೀಟರು ಎಂಬ ಲೆಕ್ಕವನ್ನು ಯಾರನ್ನೂ ಕೇಳದೆ ಮಾಡುವ ಧೈರ್ಯ ಬರುತ್ತದೆ.